ಜ್ವರಗಡ್ಡೆ ಅಲ್ಲದ ಗಡ್ಡೆ

ಆ ಕಾಲದ ತರೀಕೆರೆಯಲ್ಲಿ ಯಾರಾದರೂ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರೆ, ಎಂಥ ಗಡ್ಡೆ ಎಂದು ಯಾರೂ ಕೇಳುತ್ತಿರಲಿಲ್ಲ. ಬೆಟ್ಟದ ಬುಡದ ಊರು. ಚಳಿಜ್ವರ ನಮಗೆ ಹತ್ತಿರದ ನೆಂಟನಿದ್ದ ಹಾಗೆ. ಹೇಳದೆ ಬರುತ್ತಿತ್ತು, ನಾಲ್ಕು ದಿನ ಮಲಗಿಸಿ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಬಂದು ಹೋದ ಗುರುತಿಗೆ ಎಡಪಕ್ಕೆಯ ಕೆಳಗೊಂದು ಗಟ್ಟಿ ಉಂಡೆಯನ್ನು ಬಿಟ್ಟು ಹೋಗುತ್ತಿತ್ತು. ಅದೇ ಜ್ವರಗಡ್ಡೆ. ನನಗೂ ಇತ್ತು, ನಮ್ಮವ್ವನಿಗೂ ಇತ್ತು. ನಮ್ಮೂರ ಆಸ್ಪತ್ರೆಯ ಡಾಕ್ಟರು ತಮಗೂ ಇದೆಯೆಂದು ಒಮ್ಮೆ ನಗುತ್ತಾ ಹೇಳಿದ್ದರು. ಹಾಗಾಗಿ ನನ್ನ ಹೆಂಡತಿ ಒಂದು ಬೆಳಿಗ್ಗೆ ಹೊಟ್ಟೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಗುತ್ತದೆ ಎಂದಾಗ, ರಾಗಿ ಕೇರುತ್ತಿದ್ದ ಅವ್ವ ಮೊರದಿಂದ ತಲೆ ಎತ್ತಲಿಲ್ಲ.

"ಜ್ವರಗಡ್ಡೆ ಕಣೇ. ಯಾರಿಗಿಲ್ಲ ಈ ಊರಾಗೆ? ಚಳಿಜ್ವರದ ಔಸ್ದಿ ಕೊಯ್ನಾ ತಗೋ, ಇಳೀತದೆ."

ನಾನು ಗಾಡಿ ಮಾಡುವವನು. ಮೂರನೆಯ ಕ್ಲಾಸು ಮುಗಿಯುವ ಮೊದಲೇ ಅಪ್ಪ ಸ್ಲೇಟು ಕಿತ್ತುಕೊಂಡು ಕೈಗೆ ಮರ ಕೆತ್ತುವ ಬಾಚಿ ಕೊಟ್ಟಿದ್ದ. ಅದಕ್ಕೆ ನನಗೆ ಬೇಸರವಿಲ್ಲ. ಕಡೂರಿನಿಂದ ಅಜ್ಜಂಪುರದವರೆಗೆ ನನ್ನ ಗಾಲಿ ಉರುಳದ ರಸ್ತೆ ಇರಲಿಲ್ಲ. ಮನೆಯ ಮುಂದೆಯೇ ಕುಲುಮೆ, ಹಿತ್ತಲಲ್ಲಿ ಅಡುಗೆಮನೆ. ದಿನವಿಡೀ ಸುತ್ತಿಗೆಯ ಸದ್ದು. ಆ ಸದ್ದನ್ನು ಸೀಳಿಕೊಂಡು ಬಂದು ಮುಟ್ಟುವ ದನಿ ಒಂದೇ ಇತ್ತು, ನನ್ನ ಹೆಂಡತಿಯದು. ಅಜ್ಜಂಪುರದ ಕಡೆಯ ಎರೆಭೂಮಿಯವಳು. ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಬೆಳೆದವಳು. ಹಿತ್ತಲಿನಿಂದ "ಊಟಕ್ಕೆ ಬರ್ರೀ" ಎಂದು ಸಣ್ಣಗೆ, ತೆಳ್ಳಗೆ ಕೂಗಿದರೆ ಕಬ್ಬಿಣ ಬಡಿಯುವ ಮಧ್ಯೆಯೂ ನನಗೆ ಕೇಳಿಸುತ್ತಿತ್ತು.

ಆ ವರ್ಷ ಅವಳು ಕೂಗಿದರೆ ಕೇಳಿಸುತ್ತಿರಲಿಲ್ಲ. ಅನ್ನ ಆರಿಹೋಗುತ್ತಿತ್ತು. ಒಳಗೆ ಹೋಗಿ ನಾನು ರೇಗಿದರೆ "ಕೂಗಿದೆ" ಎನ್ನುತ್ತಿದ್ದಳು, ಗಂಟಲಿಗೆ ಗೋಣಿತಾಟು ಸುತ್ತಿದ ಹಾಗೆ. ಶೀತ ಎಂದುಕೊಂಡೆವು. ಮೆಣಸು, ಬೆಲ್ಲ, ತುಳಸಿ ಎಲ್ಲಾ ಆಯಿತು. ದನಿ ದಪ್ಪವಾಗುತ್ತಲೇ ಹೋಯಿತು.

ಅದಕ್ಕೂ ಮೊದಲೇ ಅವಳ ತಿಂಗಳ ಮುಟ್ಟು ನಿಂತಿತ್ತು. ಅವ್ವ ಸಂಭ್ರಮಪಟ್ಟು ಹುಣಸೆಕಾಯಿ ತರಿಸಿದ್ದಳು. ಮದುವೆಯಾಗಿ ವರ್ಷಗಳಾಗಿದ್ದರೂ ಮಗು ಇರಲಿಲ್ಲ. ಆದರೆ ದಿನ ತುಂಬುವ ಕಾಲ ಬಂದು ಹೋಯಿತು, ಹೊಟ್ಟೆಯಲ್ಲಿ ಏನೂ ಒದೆಯಲಿಲ್ಲ. ಅದರ ಬದಲು ಮೀಸೆ ಬಂತು. ಸುಳ್ಳಲ್ಲ. ಮೊದಲು ತುಟಿಯ ಮೇಲೆ, ಆಮೇಲೆ ಗಲ್ಲದ ಮೇಲೆ, ಹದಿನೆಂಟರ ಹುಡುಗನಿಗೆ ಬರುವಂಥ ಕೂದಲು. ಅವಳು ದಿನಾ ಒಲೆಯ ಬೂದಿ ಹಚ್ಚಿಕೊಂಡು ಕೀಳುವಳು, ಮೇಲೆ ದಪ್ಪಗೆ ಅರಿಸಿನ ಬಳಿಯುವಳು, ಸೆರಗನ್ನು ಬಾಯಿಯವರೆಗೆ ಎಳೆದುಕೊಳ್ಳುವಳು. ಕನ್ನಡಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು.

ಅವ್ವ ನನ್ನನ್ನು ಕುಲುಮೆಯ ಹತ್ತಿರ ಕರೆದು ಹೇಳಿದಳು. "ಮೈಮ್ಯಾಲೆ ಗಂಡುಶಕ್ತಿ ಬಂದೈತೆ ಕಣ್ಲಾ. ಅವಳಿನ್ನು ಹೆಣ್ಣಲ್ಲ. ಯುಗಾದಿ ಕಳೀಲಿ, ಬ್ಯಾರೆ ಹೆಣ್ಣು ನೋಡ್ತೀನಿ. ಇವಳನ್ನ ತೌರಿಗೆ ಬುಟ್ಟು ಬಾ."

"ಗಾಲಿ ಕೆಟ್ರೆ ಗಾಡಿ ಬಿಸಾಕ್ತಾರೇನವ್ವಾ?" ಎಂದೆ.

"ಮುರಿದ ಗಾಲಿ ಕಟ್ಕೊಂಡು ಎಲ್ಲಿಗೋಗ್ತೀಯೋ, ನೋಡ್ತೀನಿ" ಎಂದು ಒಳಗೆ ಹೋದಳು.

ಯುಗಾದಿಗೆ ಮೊದಲು ಇವಳು ವಾಸಿಯಾಗಬೇಕು. ಅದೊಂದೇ ನನ್ನ ತಲೆಯಲ್ಲಿದ್ದದ್ದು. ನಾನು ಓಡಾಡಿದ್ದು ಅಷ್ಟಿಷ್ಟಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಾಡಿದೆ. ಎಲ್ಲಿ ಹೋದರೂ ಒಂದೇ ಮಾತು.

ನಮ್ಮೂರ ಆಸ್ಪತ್ರೆಗೆ ಅವ್ವನೂ ಜೊತೆಗೆ ಬರುತ್ತಿದ್ದಳು. ಹೊರಡುವ ಮೊದಲು ಇವಳ ಮುಖವನ್ನು ತಾನೇ ಬೆಳಕಿಗೆ ತಿರುಗಿಸಿ, ಒಂದು ಕೂದಲೂ ಉಳಿಯದ ಹಾಗೆ ಕೀಳಿಸಿ, ಅರಿಸಿನ ಹಚ್ಚಿಸುವಳು. ಮನೆಯ ಮಾನ ಬೀದಿಗೆ ಬೀಳಬಾರದಲ್ಲ. ನಮ್ಮಲ್ಲಿ ಹೆಂಗಸರು ಪರಗಂಡಸರ ಮುಂದೆ ಬಾಯಿ ಬಿಡುವ ವಾಡಿಕೆಯೂ ಇರಲಿಲ್ಲ. ಡಾಕ್ಟರು ಇವಳನ್ನು ಕೇಳಿದರೆ ಉತ್ತರ ನಾವು ಹೇಳಬೇಕು.

"ಏನಮ್ಮಾ, ಚಳಿ ಬರುತ್ತಾ?"

"ಬತ್ತದೆ ಸ್ವಾಮಿ" ಎಂದು ನಾನು.

"ಮುಟ್ಟು ಸರಿಯಾಗಿ ಆಗ್ತಾ ಇದೆಯಾ?"

"ಎಲ್ಲಾ ನೆಟ್ಟಗೈತೆ ಬುದ್ಧೀ" ಎಂದು ಅವ್ವ, ನಾನು ಬಾಯಿ ತೆರೆಯುವ ಮೊದಲೇ.

ಡಾಕ್ಟರು ಸೀರೆಯ ಮೇಲಿಂದಲೇ ಎಡಪಕ್ಕೆಯ ಕೆಳಗೆ ಎರಡು ಬೆರಳು ಒತ್ತುವರು. ಅಲ್ಲಿ ಜ್ವರಗಡ್ಡೆ ಇದ್ದೇ ಇತ್ತು, ತರೀಕೆರೆಯಲ್ಲಿ ಬಾಳುವವರಿಗೆ ಇಲ್ಲದಿರುತ್ತದೆಯೇ! ಅದು ಸಿಕ್ಕಿದ ಮೇಲೆ ಅವರ ಕೈ ಕೆಳಗೆ ಇಳಿಯುತ್ತಿರಲಿಲ್ಲ. "ಜ್ವರಗಡ್ಡೆ. ಕೊಯ್ನಾ ಬಿಡದೆ ಕುಡಿಸಿ." ಕಾಂಪೌಂಡರು ಸೀಸೆ ತುಂಬಿ ಕೊಡುವನು. ಇವಳು ಕಹಿಗೆ ಕಣ್ಣಲ್ಲಿ ನೀರು ಹಾಕಿಕೊಂಡು ಕುಡಿಯುವಳು, ಕಿವಿಯಲ್ಲಿ ಜೀರುಂಡೆ ಕೂಗುತ್ತದೆ ಎನ್ನುವಳು. ಗಡ್ಡೆ ಇದ್ದಲ್ಲೇ ಇತ್ತು. ಅಲ್ಲ, ದೊಡ್ಡದಾಗುತ್ತಿತ್ತು.

ಅವಳ ಅಣ್ಣ ಅಜ್ಜಂಪುರದಿಂದ ಬಂದವನು ಜಗಲಿಯ ಮೇಲೆ ಕೂತು ಪಂಚಾಯಿತಿ ತೆಗೆದ.

"ಭಾವ, ನಮ್ಮೂರಾಗೆ ಈ ಕಾಯಿಲೆ ಯಾರಿಗೈತೆ ಹೇಳು. ನಿಮ್ಮ ನೀರಿನ ಗುಣ. ಕಲ್ಲಿನಂಗಿದ್ದ ಹುಡುಗೀನ ಕೊಟ್ಟಿದ್ವಿ."

"ನೀರು ಕುಡಿದ್ರೆ ಮೀಸೆ ಬತ್ತದೇನಪ್ಪಾ? ಹಂಗಾದ್ರೆ ನೀನೂ ಎರಡು ಚೊಂಬು ಕುಡಿದು ಹೋಗು, ನಿನ್ನ ಮೀಸೆ ಎಂಟಾಣೆ ಮೀಸೆ ಐತೆ" ಎಂದೆ.

ಅವನಿಗೆ ಸಿಟ್ಟು ಬಂತು, ಆದರೂ ಬಿಟ್ಟು ಹೋಗಲಿಲ್ಲ. ಕಡೂರಿನ ಆಚೆ ಜ್ವರಗಡ್ಡೆಗೆ ಬರೆ ಹಾಕುವವನಿದ್ದಾನೆ, ಅವನ ಕೈಗುಣ ದೊಡ್ಡದು ಎಂದು ನಮ್ಮನ್ನು ಅಲ್ಲಿಗೆ ಹೊರಡಿಸಿದ. ಹೋದೆವು. ಗಾಲಿಗೆ ಪಟ್ಟಿ ಕಾಯಿಸಿ ಕೂರಿಸುವ ನನಗೆ ಕಾದ ಕಬ್ಬಿಣ ಏನು ಮಾಡುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಕುಡುಗೋಲಿನ ತುದಿ ಕೆಂಪಗೆ ಕಾಯಿಸಿ ಅವಳ ಎಡಪಕ್ಕೆಯ ಮೇಲೆ ಮೂರು ಗೆರೆ ಎಳೆದ. ಅವಳು ಸೆರಗು ಕಚ್ಚಿಕೊಂಡಿದ್ದಳು, ಸದ್ದು ಬರಲಿಲ್ಲ. ಹಿಂದಿರುಗುವಾಗ ಗಾಡಿಯ ಪ್ರತಿ ಅಲುಗಾಟಕ್ಕೂ ಅವಳು ಉಸಿರು ಹಿಡಿಯುತ್ತಿದ್ದಳು. ನಾನೇ ಮಾಡಿದ ಗಾಡಿ. ಅಷ್ಟು ಅಲುಗುತ್ತದೆಂದು ಆವತ್ತೇ ಗೊತ್ತಾದದ್ದು.

ಬರೆಯ ಗಾಯ ಕೀವಾಗಿ ಒಣಗಿತು. ಗಡ್ಡೆ ಇದ್ದೇ ಇತ್ತು. ಅವಳ ತೌರಿನಲ್ಲಿ ದೇವರ ಅಪ್ಪಣೆ ಕೇಳಿಸಿದರು. ಗಂಡುಶಕ್ತಿಯೇ ಹೌದು, ಹರಕೆ ಹೊರಬೇಕು ಎಂದಾಯಿತು. ಹೊಟ್ಟೆಗೆ ಆಸ್ಪತ್ರೆ, ಮುಖಕ್ಕೆ ದೇವರು. ಎರಡು ಬಾಗಿಲಿಗೆ ಎರಡು ಕಾಯಿಲೆ ಹೊತ್ತುಕೊಂಡು ತಿರುಗುತ್ತಿದ್ದೆವು. ಎರಡೂ ಒಂದೇ ಮೈಯಲ್ಲಿರುವುದು ಯಾರ ಕಣ್ಣಿಗೂ ಬೀಳಲಿಲ್ಲ.

ಯುಗಾದಿ ಹತ್ತಿರ ಬಂತು. ಅವ್ವ ಕಡೂರಿನ ಕಡೆ ಹೆಣ್ಣಿನ ಮಾತು ಆಡಿಸುತ್ತಿದ್ದಳು. ಇವಳ ಕಿವಿಗೂ ಅದು ಬಿದ್ದಿತ್ತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೊಡ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಇವಳು ಕಲ್ಲಿನ ಮೇಲೆ ಮಡಚಿಕೊಂಡು ಬಿದ್ದಿದ್ದಾಳೆ, ಹೊಟ್ಟೆ ಹಿಡಿದುಕೊಂಡು, ಮುಖವೆಲ್ಲ ಬೆವರು. ಆಸ್ಪತ್ರೆಗೆ ಓಡಿದೆ. ಡಾಕ್ಟರು ಹಳ್ಳಿಗಳ ಕಡೆ ಹೋಗಿದ್ದರು. ಕಾಂಪೌಂಡರು ನನ್ನ ಮಾತು ಪೂರ್ತಿ ಕೇಳದೆ "ಜ್ವರಗಡ್ಡೆಯವಳು ತಾನೆ?" ಎಂದು ಮತ್ತದೇ ಸೀಸೆಗೆ ಕೈ ಹಾಕಿದ. ಆ ಸೀಸೆ ಇಸಿದುಕೊಂಡು ಅವನೆದುರಿಗೇ ಚರಂಡಿಗೆ ಸುರಿದು ಬಂದೆ.

ಬೆಂಗಳೂರಿನಲ್ಲಿ ಹೊಟ್ಟೆ ಕುಯ್ದು ಹೊಲಿಯುವ ಡಾಕ್ಟರಿದ್ದಾರೆ ಎಂದು ಬೀರೂರಿನ ರೈಲ್ವೆ ಕೂಲಿಯೊಬ್ಬ ಹಿಂದೊಮ್ಮೆ ಹೇಳಿದ್ದ. ಅವ್ವ ಬೇಡವೆಂದಳು. ನಾನು ಅವಳ ಮುಖವನ್ನೂ ನೋಡದೆ ಗಾಡಿ ಕಟ್ಟಿದೆ. ಅವಸರದಲ್ಲಿ ಅವತ್ತು ಬೂದಿಯೂ ಇಲ್ಲ, ಅರಿಸಿನವೂ ಇಲ್ಲ. ಅವಳ ಅಣ್ಣನಿಗೆ ಹೇಳಿ ಕಳಿಸಿದ್ದೆ, ಬೀರೂರಿನಲ್ಲಿ ಬಂದು ಸೇರಿಕೊಂಡ. ಬೆಂಗಳೂರಿನ ರೈಲು ಬರುವುದು ತಡವಾಯಿತು. ಸ್ಟೇಷನ್ನಿನ ಬೆಂಚಿನ ಮೇಲೆ ಅವಳು ಮುದುರಿ ಮಲಗಿದ್ದರೆ, ಅಣ್ಣ ತಲೆಯ ಹತ್ತಿರ ಕೂತು "ಹೊಟ್ಟೆ ಕುಯ್ದೋರು ಉಳಿದದ್ದುಂಟಾ ಭಾವ?" ಎಂದು ಒಂದೇ ಸಮನೆ ಕೊರೆಯುತ್ತಿದ್ದ.

ಬೆಂಗಳೂರಿನ ಡಾಕ್ಟರು ಕನ್ನಡದವರೇ. ಮಾತು ಕಡಿಮೆ, ಮುಖದಲ್ಲಿ ನಗುವಿಲ್ಲ. ಅವಳನ್ನು ಮಂಚದ ಮೇಲೆ ಮಲಗಿಸಿ ಕೇಳಿದರು:

"ಎಲ್ಲಿ ನೋವಮ್ಮಾ?"

"ಎಡಗಡೆ ಸ್ವಾಮಿ, ಜ್ವರಗಡ್ಡೆ" ಎಂದೆ.

"ಎಷ್ಟು ಕಾಲದಿಂದ?"

"ಹೋದ ವರ್ಷದಿಂದ ಸ್ವಾಮಿ."

"ಏನಪ್ಪಾ, ಹೊಟ್ಟೆ ನಿಂದೋ ಅವಳದೋ?"

ನಾನು ಸುಮ್ಮನಾಗಲಿಲ್ಲ. ಅಷ್ಟು ದೂರ ಹೊತ್ತು ತಂದವನು ನಾನು. ನನ್ನನ್ನೇ ಗದರಿಸುತ್ತಾರಲ್ಲ ಎಂದು ಮೈ ಉರಿಯಿತು. "ನಮ್ಮ ಹೆಂಗಸರು ಮಾತಾಡಾಕಿಲ್ಲ ಸ್ವಾಮಿ, ಜ್ವರಗಡ್ಡೆ ಅಂತ ನಮ್ಮೂರ ಡಾಕ್ಟರೇ..." ಎನ್ನುವಷ್ಟರಲ್ಲಿ ಮಂಚದಿಂದ ದನಿ ಬಂತು.

"ಜ್ವರಗಡ್ಡೆ ಅಲ್ಲ! ಎಡಗಡೆ ಅಲ್ಲ! ಕೆಳಗೈತೆ ಇದು, ಕಿಬ್ಬೊಟ್ಟೇಲಿ! ಎಲ್ಲಾರೂ ಪಕ್ಕೆ ಮುಟ್ಟಿ ಮುಟ್ಟಿ ಹೋದ್ರಿ, ಸುಟ್ಟೂ ಬಿಟ್ರಿ. ನನ್ನ ಒಂದು ಮಾತು ಕೇಳಿದ್ರೇನ್ರೀ ಯಾರಾದ್ರೂ?"

ಗಂಡಸಿನ ದನಿ. ಪಕ್ಕದ ಮಂಚದವರು ತಿರುಗಿ ನೋಡಿದರು. ಡಾಕ್ಟರ ಕೈ ಹಾಗೇ ನಿಂತಿತು. ಅವಳನ್ನು ನೋಡಿದರು, ಬಗ್ಗಿ ಸೆರಗನ್ನು ಗಲ್ಲದಿಂದ ಮೆಲ್ಲಗೆ ಸರಿಸಿದರು. ಕೀಳದೆ ಬಿಟ್ಟ ಗಡ್ಡ ಅಲ್ಲಿ ಕಪ್ಪಗೆ ಕಾಣುತ್ತಿತ್ತು. ಅಣ್ಣ ಗೋಡೆಯ ಕಡೆ ತಿರುಗಿ ನಿಂತ.

"ಇನ್ನೊಂದು ಸಲ ಮಾತಾಡಮ್ಮ" ಎಂದರು ಡಾಕ್ಟರು. ಈಗ ಅವರ ದನಿ ಬೇರೆಯಾಗಿತ್ತು. "ಮೊದಲಿಂದ ಹೇಳು."

ಅವಳು ಹೇಳಿದಳು. ಮುಟ್ಟು ನಿಂತದ್ದು, ದನಿ ಒಡೆದದ್ದು, ಮೀಸೆ ಬಂದದ್ದು, ಎದೆ ಇಳಿದುಹೋದದ್ದು, ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಾ. ನನಗೂ ಗೊತ್ತಿಲ್ಲದ್ದು ಎಷ್ಟೋ ಇತ್ತು. ಡಾಕ್ಟರು ಒಬ್ಬ ನರ್ಸನ್ನು ಕರೆದು, ಪರದೆ ಎಳೆಸಿ, ಹೊಟ್ಟೆಯನ್ನು ಈ ಸಲ ಕೆಳಗಿನಿಂದ ಮೇಲಕ್ಕೆ ನೋಡಿದರು. ಹೊರಗೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಮುಖದ ವಿಷಯ ಯಾವ ಡಾಕ್ಟರಿಗೂ ಯಾಕೆ ಹೇಳಲಿಲ್ಲ?"

"ಅವ್ರು ಹೊಟ್ಟೆ ಕೇಳಿದ್ರು ಸ್ವಾಮಿ. ಮುಖ ಯಾರೂ ಕೇಳಲಿಲ್ಲ" ಎಂದೆ.

ಅವರು ಕೈ ತೊಳೆದುಕೊಂಡರು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ಹೆಂಗಸರ ಕಿಬ್ಬೊಟ್ಟೆಯಲ್ಲಿ ಎರಡು ಗ್ರಂಥಿಗಳಿರುತ್ತವೆ. ಅವುಗಳ ರಸ ರಕ್ತದಲ್ಲಿ ಬೆರೆತು ಹೆಣ್ಣಿನ ಮೈಯನ್ನು ಹೆಣ್ಣಿನ ಮೈಯಾಗಿ ಇಡುತ್ತದೆ. ಇವಳಿಗೆ ಒಂದರಲ್ಲಿ ಗಡ್ಡೆ ಬೆಳೆದಿದೆ, ಆ ಗಡ್ಡೆ ಗಂಡಸಿನ ರಸ ಸುರಿಸುತ್ತಿದೆ. ಜ್ವರಗಡ್ಡೆ ಪಕ್ಕೆಯ ಒಳಗಿಂದ ಕೆಳಕ್ಕೆ ಇಳಿಯುತ್ತದೆ, ಇದು ಕೆಳಗಿನಿಂದ ಮೇಲಕ್ಕೆ ಏರಿದೆ. ಈಗ ಬುಡದಲ್ಲಿ ತಿರುಚಿಕೊಂಡಿದೆ, ಅದೇ ಈ ನೋವು. ಇಂಥದ್ದನ್ನು ತಾವು ಪುಸ್ತಕದಲ್ಲಿ ಓದಿದ್ದು, ಕಣ್ಣಿನಿಂದ ಕಂಡದ್ದು ಇದೇ ಮೊದಲು ಎಂದರು. ಕುಯ್ಯದಿದ್ದರೆ ಉಳಿಯುವುದಿಲ್ಲ, ಕುಯ್ದರೂ ಮಾತು ಕೊಡಲಾರೆ ಎಂದರು.

ಅಣ್ಣ ನನ್ನ ತೋಳು ಹಿಡಿದ. "ಬ್ಯಾಡ ಭಾವ. ಸಾಯೋದಾದ್ರೆ ಮನೇಲಿ ಸಾಯಲಿ."

ಪರದೆಯ ಒಳಗಿಂದ ಅವಳಿಗೆ ಎಲ್ಲವೂ ಕೇಳಿಸಿತ್ತು. "ಅಣ್ಣಾ, ನಿನ್ನ ಮಾತು ಕೇಳಿ ಬರೆ ಹಾಕಿಸ್ಕಂಡೆ, ಸಾಕು ಸುಮ್ನಿರು. ಡಾಕ್ಟ್ರೇ, ಕುಯ್ರಿ."

ಕುಯ್ದರು. ಆ ಹೊತ್ತಿನಲ್ಲಿ ನಾನು ಆಸ್ಪತ್ರೆಯ ಅಂಗಳದಲ್ಲಿ ನಿಂತಿದ್ದ ಜಟಕಾಗಳ ಗಾಲಿಗಳನ್ನೆಲ್ಲಾ ನೋಡಿ ಮುಗಿಸಿದೆ. ಏನು ನೋಡಿದೆನೋ ನನಗೇ ತಿಳಿಯದು. ಆಮೇಲೆ ನರ್ಸು ಬೋಗುಣಿಯಲ್ಲಿ ತಂದು ತೋರಿಸಿದಳು. ಸುಲಿದ ತೆಂಗಿನಕಾಯಿಯಷ್ಟು ಗಡ್ಡೆ, ಹಳದಿ ಬಣ್ಣ, ಒಂದು ಕಡೆ ಕಪ್ಪಗೆ ಕಂದಿಹೋಗಿತ್ತು. ಇದಕ್ಕೆ ಒಂದು ವರ್ಷ ಕೊಯ್ನಾ ಕುಡಿಸಿದೆವಲ್ಲ ಎಂದು ನಾನು ಅದನ್ನೇ ನೋಡುತ್ತಾ ನಿಂತುಬಿಟ್ಟೆ.

ಅವಳು ಉಳಿದಳು. ಊರಿಗೆ ಬಂದ ಮೇಲೆ ಮುಟ್ಟು ತಿರುಗಿ ಬಂತು. ಗಲ್ಲದ ಕೂದಲು ಮೆಲ್ಲಮೆಲ್ಲಗೆ ತೆಳುವಾಯಿತು. ಅಟ್ಟದಿಂದ ಕನ್ನಡಿ ಇಳಿಯಿತು. ದನಿ ಮಾತ್ರ ಹಾಗೇ ಉಳಿಯಿತು. ಒಮ್ಮೆ ಒಡೆದ ಗಂಟಲು ಹಿಂದಕ್ಕೆ ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಊರಿನವರ ಮಾತು ಕೇಳಿದರೆ ಈಗಲೂ ನನ್ನ ಪಿತ್ತ ನೆತ್ತಿಗೇರುತ್ತದೆ. ಹರಕೆ ಫಲಿಸಿತು ಎಂದಳು ಅವ್ವ. ಬರೆ ನಿಧಾನಕ್ಕೆ ಕೆಲಸ ಮಾಡ್ತದೆ ಎಂದ ಅಣ್ಣ, ಬೋಗುಣಿಯಲ್ಲಿದ್ದದ್ದನ್ನು ಅವನೂ ಕಣ್ಣಾರೆ ನೋಡಿದ್ದ! ನಮ್ಮೂರ ಡಾಕ್ಟರು ಅವಳ ಎಡಪಕ್ಕೆ ಒತ್ತಿ "ನೋಡು, ಜ್ವರಗಡ್ಡೆ ಇದ್ದೇ ಇದೆಯಲ್ಲ, ನಾನು ಹೇಳಿದ್ದು ಸುಳ್ಳೇ?" ಎಂದರು.

ಅವ್ವ ಆಡಿಸಿದ್ದ ಹೆಣ್ಣಿನ ಮಾತನ್ನು ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ. ಒಂದು ದಿನ ಕಡೂರಿನ ಕಡೆಯ ಯಜಮಾನನೊಬ್ಬ ಗಾಲಿ ಕೊಳ್ಳುವ ನೆಪದಲ್ಲಿ ಬಂದು ಕುಲುಮೆಯ ಮುಂದೆ ಕೂತ. ಗಾಲಿಯ ನಡುವಿನ ಗುಂಬ ನೋಡಿದ, ಅದರಿಂದ ಹೊರಟ ಅರೆಗಳನ್ನು ತಟ್ಟಿದ, ಕಡೆಗೆ ಗಂಟಲು ಸರಿಮಾಡಿಕೊಂಡ.

"ಏನಪ್ಪಾ, ನಿಮ್ಮ ಮನೆಯಾಕೆ ಕಾಯಿಲೆ ಹೆಂಗೈತೆ? ತೌರಿಗೆ ಕಳಿಸೋದು ಅಂತ ಕೇಳ್ದೆ."

ನಾನು ಸುತ್ತಿಗೆ ಕೆಳಗಿಟ್ಟು ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಮನೆಯ ಪಕ್ಕದ ಓಣಿಯಿಂದ ಅವಳು ಬಂದಳು. ಹಿತ್ತಲಿನಿಂದ ಕೂಗಿದರೆ ನನಗೆ ಕೇಳಿಸದು ಎಂದು ಈಗೀಗ ಊಟಕ್ಕೆ ಕರೆಯಲು ಮುಂದಕ್ಕೇ ಬರುತ್ತಿದ್ದಳು, ಎದುರಿಗೆ ಯಾರೇ ಕೂತಿರಲಿ.

"ಅವರನ್ಯಾಕೆ ಕೇಳ್ತೀರ ಯಜಮಾನ್ರೇ, ನನ್ನೇ ಕೇಳ್ರಿ. ನೆಟ್ಟಗಿದೀನಿ."

ಆತ ಬೆಚ್ಚಿ ಅವಳ ಹಿಂದೆ ಯಾರೋ ಗಂಡಸು ನಿಂತಿದ್ದಾನೆಂದು ಓಣಿಯನ್ನು ಇಣುಕಿ ನೋಡಿದ.

"ಅಲ್ಯಾರೂ ಇಲ್ಲ, ನಾನೇ" ಎಂದಳು. "ಗಾಲಿ ಬೇಕಾದ್ರೆ ಕೂತ್ಕೊಳ್ಳಿ. ಬ್ಯಾರೆ ಮಾತಿದ್ರೆ ಹೊತ್ತಿಳಿಯೋಕೆ ಮುಂಚೆ ಹೊರಡಿ." ಆಮೇಲೆ ನನ್ನ ಕಡೆ ತಿರುಗಿ, "ಊಟಕ್ಕೆ ಬರ್ರೀ, ಆರಿಹೋಗ್ತದೆ."

ಆತ ಗಾಲಿ ಕೊಳ್ಳಲಿಲ್ಲ.