ಹೆಸರಿಲ್ಲದ ಕೆರೆಯ ಖಲಂದರ

ಚೈತ್ರ ಮುಗಿಯುತ್ತ ಬಂದಿದೆ. ಕೆರೆಯ ನೀರು ಮೂರನೇ ಒಂದು ಪಾಲಿಗೆ ಇಳಿದಿದೆ. ಆಚೆ ದಡದಲ್ಲಿ ಹೂಳೆತ್ತುವ ಜೆಸಿಬಿ ಇನ್ನೂ ಮಲಗಿದೆ. ಖಲಂದರ ಮಾತ್ರ ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರ್ ಟ್ಯೂಬಿನ ತೆಪ್ಪದ ಮೇಲೆ ಕಾಲು ಮಡಿಚಿ ಕುಳಿತು ಬಲೆ ಎಳೆಯುತ್ತಿದ್ದಾರೆ. ಮೊದಲ ಎಳೆತದಲ್ಲಿ ಸಿಕ್ಕಿದ್ದರಲ್ಲಿ ಒಂದು ಬೊಗಸೆ ತೆಗೆದು, ದೊಡ್ಡದು ಸಣ್ಣದು ನೋಡದೆ ಮರಳಿ ನೀರಿಗೆ ಬಿಡುತ್ತಾರೆ.

"ಇದು ಕೆರಿ ಪಾಲ್ರಿ. ನಮ್ಮ ಅಪ್ಪ ಹಾಕಿದ ರೂಢಿ. ಆಮ್ಯಾಲಿಂದು ನಮ್ಮದು."

ಅವರಿಗೀಗ ಐವತ್ತೆರಡು. ಬಲೆ ಹಿಡಿದು ನಲವತ್ತು ವರ್ಷ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಕಿಲೋ, ಬೇಸಿಗೆಯಲ್ಲಿ ನಾಲ್ಕು ಸಿಕ್ಕರೆ ಪುಣ್ಯ. ಹೆಂಡತಿ ಇಮಾಮಬಿ ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಾರೆ. ಈ ಬದುಕಿನೊಳಗೆ ಒಂದು ವಿಜ್ಞಾನ ಪತ್ರಿಕೆ ಹೇಗೆ ಬಂದು ಕೂತಿತೆಂಬುದು ಖಲಂದರರಿಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ನಾಲ್ಕು ವರ್ಷದ ಹಿಂದೆ, ಧಾರವಾಡದಲ್ಲಿ ಮೀನುಗಳ ಸಂಶೋಧನೆ ಮಾಡುವ ಸವಣೂರಿನ ಸಾಯಿಮಾ ದಡಕ್ಕೆ ಬಂದಿದ್ದರು. ಅಂದಿನ ಬೊಗಸೆಯಲ್ಲಿ ಹನ್ನೊಂದು ಗೆರೆಮೀನು ಇದ್ದವು. ಬೆರಳ ಗೆಣ್ಣಿನಷ್ಟು ಉದ್ದ, ಪಕ್ಕೆಯ ಮೇಲೊಂದು ಕೆಂಪು ಗೆರೆ, ಸಂತೆಯಲ್ಲಿ ಕೇಳುವವರಿಲ್ಲ. ಖಲಂದರ ನೀರಿಗೆ ಬಿಡಲು ಕೈ ಚಾಚಿದ್ದರು. ಅಷ್ಟರಲ್ಲಿ, "ಚಾಚಾ, ತಡೀರಿ! ಅವನ್ನ ನನಗ ಕೊಡ್ರಿ" ಎಂದು ಸಾಯಿಮಾ ಕೂಗಿದರು.

"ಕೊಟ್ಟಬಿಟ್ಟೆ. ಕೆರಿ ಪಾಲು ಎತ್ತಿ ಮಂದಿ ಕೈಗೆ ಹಾಕಿದಂಗಾತು. ಹನ್ನೊಂದು ಮೀನ ಸಾಲ ಬಿತ್ತು ನನ್ನ ತಲಿಮ್ಯಾಲೆ."

ಆ ಮೀನು ಅದುವರೆಗೆ ಯಾವ ದಾಖಲೆಯಲ್ಲೂ ಇರಲಿಲ್ಲ. ಸಾಯಿಮಾ ಒಂದು ವಿಜ್ಞಾನ ಪತ್ರಿಕೆಗೆ ಲೇಖನ ಬರೆದು ಕಳಿಸಿದರು. ಪತ್ರಿಕೆ ಸುಮ್ಮನೆ ಅಚ್ಚು ಹಾಕಲಿಲ್ಲ. ಹೆಸರು ಗುಟ್ಟಾಗಿಟ್ಟ ಇಬ್ಬರು ತಜ್ಞರು ಓದಿ ಎರಡು ಸಲ ತಿರುಗಿ ಕಳಿಸಿದರು. ಮೊಟ್ಟೆ ಎಲ್ಲಿಡುತ್ತದೆ, ಕಂಡವರು ಯಾರು ಎಂದು ಕೇಳಿದರು. ಕಂಡವರು ಖಲಂದರ. ಮಿರ್ಗದ, ಅಂದರೆ ಮೃಗಶಿರದ ಮೊದಲ ಮಳೆಗೆ, ಜೊಂಡು ಬೆಳೆದ ಮೂಲೆಯಲ್ಲಿ. ಬಾಯಿಮಾತು ಸಾಲದೆಂದಾಗ ಹತ್ತೊಂಬತ್ತು ಬೆಳಗು ಸೊಂಟದ ನೀರಿನಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಹಿಡಿದು ಕೊಟ್ಟರು.

"ಕೇಳಾವ್ರ ಹೆಸರ ಹೇಳಂಗಿಲ್ಲಂತ! ಪೊಲೀಸ್ರರ ಎದಿಮ್ಯಾಲೆ ಹೆಸರ ಹಾಕ್ಕೊಂಡ ಬರ್ತಾರ. ಇವರು ಮುಖಾನೂ ತೋರಸಂಗಿಲ್ಲ, ತಪಾಸ ಮಾತ್ರ ಬಿಡಂಗಿಲ್ಲ."

ಹೋದ ವರ್ಷ ಲೇಖನ ಬಂತು. ಕೊನೆಯಲ್ಲಿ ಮೀನುಗಾರ ಖಲಂದರರಿಗೆ ಕೃತಜ್ಞತೆ. ಕೆರೆಯ ಹೆಸರು ಮಾತ್ರ ಇಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಒಂದು ಕೆರೆ ಎಂದಷ್ಟೇ ಇತ್ತು. ಅಪರೂಪದ ಮೀನು ಹಿಡಿದು ಮಾರುವವರೂ ಇಂಥ ಪತ್ರಿಕೆ ಓದುತ್ತಾರೆ, ಅದಕ್ಕೇ ಜಾಗ ಗುಟ್ಟಾಗಿಟ್ಟಿದ್ದಾರೆ, ಸರ್ಕಾರಿ ಕಚೇರಿಯವರು ಕೇಳಿದರೆ ಕೊಡುತ್ತಾರೆ ಎಂದು ಸಾಯಿಮಾ ತಿಳಿಹೇಳಿದರು. ಖಲಂದರ ತಲೆಯಾಡಿಸಿದರು. ಆದರೂ ಮನುಷ್ಯನ ಹೆಸರು ಬರೆದು ಊರಿನ ಹೆಸರು ಬರೆಯದಿದ್ದರೆ ಅದೆಂಥ ವಿಳಾಸ ಎಂಬುದು ಮನಸ್ಸಿನಲ್ಲೇ ಉಳಿಯಿತು.

ಈ ತಿಂಗಳು ಹೂಳೆತ್ತುವ ಕೆಲಸ ಶುರುವಾಯಿತು. ಜೊಂಡಿನ ಮೂಲೆಯೂ ನಕ್ಷೆಯಲ್ಲಿತ್ತು. ಅದನ್ನು ಕೆರೆದರೆ ಗೆರೆಮೀನಿಗೆ ಮೊಟ್ಟೆಯಿಡಲು ಜಾಗವಿಲ್ಲ. ಬೇರೆ ಯಾವ ಕೆರೆಯಲ್ಲೂ ಅದನ್ನು ಕಂಡವರಿಲ್ಲ. ಖಲಂದರ ಲೇಖನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಪಂಚಾಯಿತಿಗೆ ಹೋದರು. ಸದಸ್ಯ ಪರಮೇಶ್ವರಪ್ಪ ಹಾಳೆ ತಿರುವಿ ನಕ್ಕರು.

"ಏ ಖಲಂದರ, ಇದರಾಗ ನಮ್ಮ ಕೆರಿ ಹೆಸರ ಎಲ್ಲೈತೋ? ಹಂಗಾರ ಹಿರೇಕೆರೂರಿನವ್ರೂ ಇದು ನಮ್ಮ ಮೀನ ಅಂತಾರ."

"ಇಲ್ಲೇ ಐತ್ರಿ ಸಾಹೇಬ್ರ. ನನ್ನ ಕೈಯಾಗ ಸಿಕ್ಕೈತ್ರಿ."

"ನಿನ್ನ ಕೈ ಕಾಗದ ಅಲ್ಲಪಾ. ಬರಸ್ಕೊಂಡ ಬಾ. ಶುಕ್ರವಾರತನಕ ಆ ಮೂಲಿ ಮುಟ್ಟಂಗಿಲ್ಲ, ಹೋಗು."

ಪಂಚಾಯಿತಿ ಕಾರ್ಯದರ್ಶಿ ಅಲ್ಲೇ ಕೂತು, ಮೀನು ಸಿಕ್ಕ ಜಾಗ ತಿಳಿಸಿ ಎಂದು ಪತ್ರಿಕೆಗೆ ಪತ್ರ ಬರೆದರು. ಖಲಂದರ ಮನೆಗೆ ಬಂದರೆ ಅಂಗಳದಲ್ಲೊಂದು ಕಾರು. ಇಬ್ಬರು ಅಪರಿಚಿತರು ಇಮಾಮಬಿ ಕೊಟ್ಟ ಚಹಾ ಕುಡಿಯುತ್ತ ಕೂತಿದ್ದಾರೆ. ಅವರ ಮೊಬೈಲಿನಲ್ಲಿ ಅದೇ ಲೇಖನ, ಅದೇ ಕೆಂಪು ಗೆರೆ.

"ಯಜಮಾನ್ರೇ, ಹದಿನಾಲ್ಕು ಕೆರೆ ಸುತ್ತಿ ಬಂದ್ವಿ. ಈ ಖಲಂದರ ನೀವೇನಾ? ಜೋಡಿಗೆ ಒಳ್ಳೆ ರೇಟು ಕೊಡ್ತೀವಿ."

ಖಲಂದರ ಲೇಖನದ ಚೀಲವನ್ನು ಬೆನ್ನ ಹಿಂದೆ ಸರಿಸಿದರು. "ನನ್ನ ಹೆಸರೂ ಖಲಂದರನ. ನಾಕ ತಾಲೂಕಿನ್ಯಾಗ ನಾಕನೂರ ಮಂದಿ ಖಲಂದರ ಅದಾರ್ರಿ. ಆ ಮೀನ ಇಲ್ಲಿ ಇಲ್ಲ."

ಕಾರು ಹೋಯಿತು. ಇಮಾಮಬಿ ಕಪ್ಪು ಎತ್ತಿಕೊಳ್ಳುತ್ತ ಗಂಡನ ಮುಖ ನೋಡಿದರು. "ನಮ್ಮ ಮನಿ ಚಹಾ ಕುಡದಾವ್ರಿಗೆ ಸುಳ್ಳ ಹೇಳಿದಿ."

"ಹೇಳದಿದ್ರ ಮೀನ ಹೋಗ್ತಿತ್ತಲ್ಲ."

"ಹೋಗ್ತಿತ್ತು. ಅದೂ ಖರೇನ." ಇಮಾಮಬಿ ಕಪ್ಪು ತೊಳೆಯಲು ಒಳಗೆ ಹೋದರು.

ಶುಕ್ರವಾರ ಬೆಳಗ್ಗೆ ಪತ್ರಿಕೆಯಿಂದ ಉತ್ತರ ಬಂತು. ಜೊತೆಗೆ ನಕ್ಷೆ, ಅದರಲ್ಲಿ ಜೊಂಡಿನ ಮೂಲೆ. ಪರಮೇಶ್ವರಪ್ಪ ಎರಡು ಸಲ ನೋಡಿ, ಅದನ್ನು ನೋಟಿಸ್ ಬೋರ್ಡಿಗೆ ಹಚ್ಚದೆ ಬೀರುವಿನಲ್ಲಿಟ್ಟು ಕೀಲಿ ಹಾಕಿಸಿದರು. ಈಗ ಮೂಲೆಗೆ ಇಪ್ಪತ್ತು ಹೆಜ್ಜೆ ಈಚೆಗೆ ಸುಣ್ಣದ ಗೆರೆ ಎಳೆದಿದ್ದಾರೆ. ಜೆಸಿಬಿ ಅದನ್ನು ದಾಟುವಂತಿಲ್ಲ.

ಕೆರೆಯ ಹೆಸರು ಯಾಕಿಲ್ಲ ಎಂದು ವರ್ಷವಿಡೀ ಮನಸ್ಸಿನಲ್ಲೇ ಕೇಳಿಕೊಂಡ ಮನುಷ್ಯ, ಈ ಬರಹದಲ್ಲೂ ಅದು ಬೇಡ ಎಂದು ಕೈ ಮುಗಿಯುತ್ತಾರೆ. ಬಿಸಿಲು ಏರುತ್ತಿದೆ. ತೆಪ್ಪ ದಡಕ್ಕೆ ಬಂದಿದೆ.

"ಮೂಲಿ ಉಳೀತು. ಹನ್ನೊಂದು ಮೀನಿನ ಸಾಲ ತೀರಿತ್ರಿ" ಎಂದು ಖಲಂದರ ಬಲೆ ಕೊಡವುತ್ತಾರೆ. ಅದನ್ನು ಮಡಿಚುತ್ತ ಹೇಳುತ್ತಾರೆ, "ಆದ್ರ ಮನಿಗೆ ಬಂದಾವ್ರಿಗೆ ಸುಳ್ಳ ಹೇಳೇನಿ ನೋಡ್ರಿ, ಆ ಸಾಲ ಯಾರಿಗೆ ತೀರಸ್ಬೇಕು? ಅದೊಂದು ತಿಳೀವಲ್ದು."