ತಮ್ಮನ ವಿಳಾಸ ಮುಚ್ಚಿದ್ದು

ನನ್ನ ತಮ್ಮ ಆಳಂದದಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ. ಕೆಳಗೆ ಕಿರಾಣಿ ಅಂಗಡಿ, ಮೇಲೆ ಅವನ ಎರಡು ಖೋಲಿ. ಟೈಪಿಂಗ್ ಕಲಿಸುತ್ತಿದ್ದ, ರೈತರಿಗೆ ಪಹಣಿ ತೆಗೆದುಕೊಡುತ್ತಿದ್ದ, ಪರೀಕ್ಷೆ ಕಟ್ಟುವವರ ಅರ್ಜಿ ತುಂಬುತ್ತಿದ್ದ. ನಾನು ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅಪ್ಪ, ಅವ್ವ ಬೇಗ ತೀರಿಕೊಂಡಿದ್ದರಿಂದ ಅವನನ್ನು ಬೆಳೆಸಿದ್ದು ನಾನೇ. ತಲೆಗೆ ಎಣ್ಣೆ ಹಚ್ಚಿ, ಬುತ್ತಿ ಕಟ್ಟಿ ಅವನನ್ನು ಸಾಲಿಗೆ ಕಳಿಸಿ ಆಮೇಲೆ ನಾನು ಕಾಲೇಜಿಗೆ ಓಡುತ್ತಿದ್ದೆ. ನನ್ನ ಮದುವೆಯಾಗಿ ಜೇವರ್ಗಿಗೆ ಹೊರಟ ದಿನ ಅವನು ಮೀಸೆ ಮೂಡಿದ ಹುಡುಗ. ಜೀಪಿನ ಹಿಂದೆ ಸ್ವಲ್ಪ ದೂರ ನಡೆದು ಬಂದು, ಜನ ನೋಡುತ್ತಾರೆಂದು ನಾಚಿಕೊಂಡು ನಿಂತುಬಿಟ್ಟ.

ಸೆಂಟರ್ ತೆರೆದ ಹೊಸತರಲ್ಲಿ ಒಂದು ದಿನ ಫೋನ್ ಮಾಡಿ, "ಅಕ್ಕಾ, ನಮ್ಮ ಅಡ್ಡಹೆಸರಿನ ಮ್ಯಾಲ ಇಂಟರ್‌ನೆಟ್ಟಿನಾಗ ಒಂದು ಜಾಗಾ ತೊಗೊಂಡೇನಿ. ಇನ್ನ ನಮ್ಮ ಮನಿ ಮಂದಿಗೆಲ್ಲ ನಮ್ಮದs ಈಮೇಲ್. ಒಂದು ಕಂಪನಿ ಪುಕ್ಕಟ ನಡಸ್ತದ," ಅಂದ.

"ನನ್ನ ವಿಳಾಸ ಏನಿಟ್ಟೀದಿ?" ಅಂತ ಕೇಳಿದೆ.

"ಅಕ್ಕ ಅಂತ ಇಟ್ಟೇನಿ. ಮತ್ತೇನಿಡ್ಲಿ? ನಿನ್ನ ಹೆಸರು ನಾ ಯಾವತ್ತರ ಕರದೇನೇನು?"

ಹಾಗೆ ನನ್ನ ವಿಳಾಸ ಅಕ್ಕ ಎಂದೇ ಆಯಿತು. ಬ್ಯಾಂಕಿನಲ್ಲಿ, ಶಿಕ್ಷಣ ಇಲಾಖೆಯಲ್ಲಿ ಅದನ್ನೇ ಬರೆಸಿದೆ. ಕೌಂಟರಿನವರು ತಲೆ ಎತ್ತಿ "ಅಕ್ಕಾನs ಏನ್ರಿ?" ಎಂದು ನಕ್ಕು ಬರೆದುಕೊಳ್ಳುತ್ತಿದ್ದರು. ಫೋನಿನಲ್ಲಿ ಮಾತಾಡಿದರೂ ತಮ್ಮ ನನಗೆ ಮೇಲ್ ಬರೆಯುವುದು ಬಿಡಲಿಲ್ಲ. ಸೆಂಟರಿನಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ನಾವು ಮಾತಾಡುವ ಕನ್ನಡದಲ್ಲೇ ಟೈಪ್ ಮಾಡುತ್ತಿದ್ದ. ಹತ್ತಿರದ ಖಜೂರಿ ಹಳ್ಳಿಯ ಲಾರಿ ಮಾಲೀಕರೊಬ್ಬರು ಲೈಸೆನ್ಸಿನ ಫೋಟೊಗೆ ಮಗನ ಕೋಟು ಹಾಕಿಕೊಂಡು ಬಂದು ಗುಂಡಿ ಹಾಕಲಾಗದೆ ಉಸಿರು ಬಿಗಿಹಿಡಿದು ನಿಂತದ್ದು, ಮಳೆಗೆ ತೊಗರಿ ಚಿಗುರಿದ್ದು, ತನ್ನ ಹೆಂಡತಿ ಮಾಡಿದ ಶೇಂಗಾ ಹೋಳಿಗೆ ನನ್ನ ಕೈಯ ಹೋಳಿಗೆಗಿಂತ ತೆಳ್ಳಗಿರುವುದು, ಎಲ್ಲವನ್ನೂ ಬರೆಯುತ್ತಿದ್ದ. ನಾನು ಸ್ಟಾಫ್ ರೂಮಿನಲ್ಲಿ ಕೂತು ಓದಿ ಒಬ್ಬಳೇ ನಗುತ್ತಿದ್ದೆ.

ಕೊರೊನಾದ ಎರಡನೇ ಸುತ್ತಿನಲ್ಲಿ ಅವನು ಹೋದ. ಕಲಬುರಗಿಯ ಆಸ್ಪತ್ರೆಗೆ ತನ್ನ ಕಾಲಿನಲ್ಲೇ ನಡೆದು ಹೋಗಿದ್ದನಂತೆ. ನಾನು ಹೊರಗಿನ ಗೇಟಿನ ಹತ್ತಿರ ನಿಂತಿದ್ದೆ, ಒಳಗೆ ಬಿಡಲಿಲ್ಲ. ಮುಖ ನೋಡಲು ಸಿಗಲಿಲ್ಲ. ವಿಭೂತಿ ಹಚ್ಚಿ ಕೂಡಿಸಿ ಮಣ್ಣು ಕೊಡುವುದು ನಮ್ಮ ಪದ್ಧತಿ, ಅದೂ ಆಗಲಿಲ್ಲ. ಮಕ್ಕಳಿರಲಿಲ್ಲ. ಅವನ ಹೆಂಡತಿ ಅಫಜಲಪುರದ ಹುಡುಗಿ, ಅವನಿಗಿಂತ ಬಹಳ ಚಿಕ್ಕವಳು. ತವರಿಗೆ ಬಾ ಎಂದು ಅವರ ಮನೆಯವರು ಕರೆದರೂ ಹೋಗದೆ ಸೆಂಟರ್ ನಡೆಸಿಕೊಂಡು ಆಳಂದದಲ್ಲೇ ಉಳಿದಳು.

ಅವನು ಹೋದ ಮೇಲೆ ನಾನು ಅವನ ವಿಳಾಸಕ್ಕೆ ಬರೆಯತೊಡಗಿದೆ. ಮೊದಲ ಸಲ ಬರೆದದ್ದು ನಾಗರಪಂಚಮಿಯ ದಿನ. ಉಂಡಿ ಕಟ್ಟಲು ಕೂತವಳಿಗೆ ಕೈ ಬರಲಿಲ್ಲ. ಎದ್ದು ಹೋಗಿ ಫೋನ್ ತೆಗೆದು, 'ಈ ಸಲ ಉಂಡಿ ಮಾಡಲಿಲ್ಲ ತಮ್ಮಾ' ಎಂದು ಬರೆದು ಕಳಿಸಿದೆ. ಹೋಯಿತು. ಗೋಡೆಗೆ ಎಸೆದ ಚೆಂಡಿನಂತೆ ತಿರುಗಿ ಬರಲಿಲ್ಲ, ಹೋಗಿ ಎಲ್ಲೋ ತಲುಪಿತು. ನನಗೆ ಅಷ್ಟೇ ಸಾಕಾಯಿತು. ಆಮೇಲೆ ವಾರಕ್ಕೊಮ್ಮೆಯಾದರೂ ಬರೆಯುತ್ತಿದ್ದೆ.

ಎರಡು ವರ್ಷದ ಹತ್ತಿರ ಬಂದಾಗ ನಾದಿನಿ ಫೋನ್ ಮಾಡಿದಳು. ತಮ್ಮನ ಹೆಂಡತಿಯನ್ನು ನಾದಿನಿ ಎನ್ನುವುದು ಸರಿಯೋ ತಪ್ಪೋ, ನಾನು ಹಾಗೇ ಹೇಳುತ್ತ ಬಂದಿದ್ದೇನೆ. ಅವಳು ನನ್ನನ್ನು ಅಕ್ಕಾರ ಎನ್ನುತ್ತಾಳೆ.

"ಅಕ್ಕಾರ, ಈಮೇಲ್ ಕಂಪನಿಯವರು ಇನ್ನ ಪುಕ್ಕಟ ಕೊಡಂಗಿಲ್ಲ ಅಂತರಿ. ಪ್ರತಿ ವಿಳಾಸಕ್ಕ ತಿಂಗಳಾ ರೊಕ್ಕ ಕಟ್ಟಬೇಕಂತ. ಇಲ್ಲಂದ್ರ ಎಲ್ಲಾ ಮುಚ್ಚತಾರಂತ."

"ಕಟ್ಟೋಣಲ್ಲ ಮತ್ತ?" ಅಂದೆ.

"ನಮ್ಮಿಬ್ಬರವಷ್ಟs ಅಲ್ರಿ. ಸೆಂಟರಿನಾಗ ಕಲಿತ ಹುಡುಗ್ರಿಗೆಲ್ಲ ಅವರು ವಿಳಾಸ ಮಾಡಿಕೊಟ್ಟಾರ. ಯಾರದು ಇಡೂದು, ಯಾರದು ತಗಿಯೂದು?"

ಕಟ್ಟದೆ ಉಳಿಸಿಕೊಳ್ಳುವ ದಾರಿ ಏನಾದರೂ ಇದೆಯೇ ಎಂದು ನಮ್ಮ ಸಾಲಿಯ ಕಂಪ್ಯೂಟರ್ ಮಾಸ್ತರರನ್ನು ಕೇಳಿದೆ. ಪಾಪ, ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಹೆಸರು ನಮ್ಮದೇ ಆದ್ದರಿಂದ ಅದನ್ನು ಕಡಿಮೆ ದರದ ಬೇರೆ ಕಂಪನಿಗೆ ಒಯ್ಯಬಹುದು. ಪೆಟ್ಟಿಗೆ ಇಟ್ಟುಕೊಳ್ಳದೆ, ಹಳೆಯ ವಿಳಾಸಕ್ಕೆ ಬಂದದ್ದನ್ನು ಹೊಸ ಪುಕ್ಕಟೆ ವಿಳಾಸಕ್ಕೆ ದಾಟಿಸುವ ಹಾಗೆ ಮಾಡಬಹುದು. ಇಲ್ಲವೇ ಎಲ್ಲ ಮೇಲುಗಳನ್ನೂ ಡಿಸ್ಕಿನಲ್ಲಿ ಇಳಿಸಿಕೊಂಡು ಹಳೆಯದನ್ನು ಬಿಟ್ಟುಬಿಡಬಹುದು. ಬೇರೆ ಕಂಪನಿಗೆ ಒಯ್ಯುವುದೇ ಸರಿ ಎಂದು ನಾನು ಕೇಳುತ್ತಿರುವಾಗಲೇ ನಿಶ್ಚಯಿಸಿಬಿಟ್ಟೆ. ತಮ್ಮನ ವಿಳಾಸ ಇದ್ದ ಹಾಗೇ ಇರುತ್ತದೆ, ನನ್ನದೂ ಇರುತ್ತದೆ. ಇನ್ನೇನು ಬೇಕು?

ಆದರೆ ಏನು ಮಾಡಬೇಕಾದರೂ ಯಜಮಾನನ ಒಪ್ಪಿಗೆ ಬೇಕಾಗಿತ್ತು. ಆ ಲೆಕ್ಕದಲ್ಲಿ ಯಜಮಾನ ನನ್ನ ತಮ್ಮ. ಅವನ ಪಾಸ್‌ವರ್ಡ್ ನಾದಿನಿಗೆ ಗೊತ್ತಿತ್ತು. ಆದರೆ ಇಂಥ ಕೆಲಸಕ್ಕೆ ಅದರ ಮೇಲೆ ಅವನ ಮೊಬೈಲಿಗೆ ಬರುವ ಓಟಿಪಿಯನ್ನೂ ಕೇಳುತ್ತಿತ್ತು. ಆ ನಂಬರಿಗೆ ಅವಳು ರೀಚಾರ್ಜ್ ಮಾಡಿಸಿರಲಿಲ್ಲ. ಸುದ್ದಿ ತಿಳಿಯದ ಮಂದಿ ದಿನಾ ಫೋನ್ ಮಾಡಿ "ಸರ್ ಅದಾರೇನ್ರಿ?" ಎಂದು ಕೇಳುತ್ತಿದ್ದರಂತೆ, ತಡೆದುಕೊಳ್ಳಲಾಗದೆ ಬಿಟ್ಟಿದ್ದಳು. ಈಗ ಅದು ಬೇರೆ ಯಾರದೋ ಪಾಲಾಗಿತ್ತು.

ನಾನೇ ಆ ನಂಬರು ಒತ್ತಿದೆ. ಅತ್ತ ಒಬ್ಬ ಗಂಡಸು "ಯಾರ್ರಿ?" ಅಂದ. ತಮ್ಮನ ದನಿ ಅಲ್ಲವೆಂದು ಗೊತ್ತಿದ್ದೂ ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಮೇಲೆ ವಿಷಯ ಹೇಳಿ ಓಟಿಪಿ ಎನ್ನುವಷ್ಟರಲ್ಲಿ ಅವನು ಸಿಟ್ಟಾದ.

"ನೋಡ್ರಿ ಬಾಯಾರ, ನಾ ಗಾಣಗಾಪುರದಾಗ ಕಾಯಿ-ಕರ್ಪೂರ ಮಾರಾಂವ ಇರಬಹುದು, ಆದ್ರ ದಡ್ಡ ಅಲ್ಲ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಹೇಳಾಕತ್ತಾರ. ಇಡ್ರಿ ಫೋನು!"

ಅವನದೇನೂ ತಪ್ಪಿಲ್ಲ. ಮುಂದಿನ ಐತವಾರ ನಾನು ಜೇವರ್ಗಿಯಿಂದ, ನಾದಿನಿ ಆಳಂದದಿಂದ ಹೊರಟು ಗಾಣಗಾಪುರದಲ್ಲಿ ಕೂಡಿದೆವು. ಅವಳ ಹೆಗಲ ಚೀಲದಲ್ಲಿ ತಮ್ಮನ ಲ್ಯಾಪ್‌ಟಾಪ್, ಒಂದು ಡಿಸ್ಕು ಇದ್ದವು. ಅವಳು ತಿಳಿಹಳದಿ ಸೀರೆ ಉಟ್ಟಿದ್ದಳು. ಬಣ್ಣದ ಸೀರೆ ಉಡು ಎಂದು ಹಿಂದೆ ನಾನೇ ಹೇಳಿದ್ದೆ. ಆದರೂ ಕಂಡ ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸಿದೆ.

ಗುಡಿಯ ದಾರಿಯಲ್ಲಿ ಕೇಳುತ್ತ ಹೋಗಿ ಅಂಗಡಿ ಹುಡುಕಿದೆವು. ನಡುವಯಸ್ಸಿನ ಮನುಷ್ಯ, ಹಣೆಯ ಮೇಲೆ ದೊಡ್ಡ ಗಂಧ, ಕುಂಕುಮದ ಗುಡ್ಡೆಯ ಹಿಂದೆ ಕೂತಿದ್ದ. ನಾವು ಯಾರೆಂದು ತಿಳಿದಾಗ ಅವನ ಮುಖ ಗಂಟಾಯಿತು. ನಾದಿನಿ ಲ್ಯಾಪ್‌ಟಾಪ್ ತೆರೆದು ಅವನ ಕಡೆ ತಿರುಗಿಸಿದಳು. ಅದರ ಪರದೆಯ ಮೇಲೆ ಅವರಿಬ್ಬರ ಮದುವೆಯ ಫೋಟೊ. ಬಾಸಿಂಗ ಸೊಟ್ಟಗೆ ಜಾರಿ ತಮ್ಮ ನಗುತ್ತಿದ್ದ.

ಅಂಗಡಿಯವನು ಬಹಳ ಹೊತ್ತು ನೋಡಿದ. "ಇವರs ಏನ್ರಿ ಆ ಸರ್?" ಅಂದ. "ಈ ನಂಬರ್ ತೊಗೊಂಡಾಗಿಂದ ಮಂದಿ ಕೇಳತಾರ್ರಿ. ಸರ್, ನಮ್ಮ ಮಾರ್ಕ್ಸ್ ಕಾರ್ಡ್ ಬಂತೇನ್ರಿ, ಸರ್, ನಂಗ ನೌಕರಿ ಸಿಕ್ತರಿ ಅಂತ. ಒಬ್ಬಾಕಿ ಹುಡುಗಿ ಅಂತೂ ನಾ ಹೇಳೂದು ಕೇಳಲಾರದs ಪೊಲೀಸ್ ಆದೆ ಸರ್ ಅಂತ ಅತ್ತಳು. ನಾ ರಾಂಗ್ ನಂಬರ್ ಅಂತ ಹೆಂಗ ಹೇಳ್ಲಿ? ಛಲೋ ಆತವ್ವ ಅಂದು ಇಟ್ಟೆ."

ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಎರಡು ಸ್ಟೂಲು ಎಳೆದು ಹಾಕಿ, "ಕೂಡ್ರಿ ತಾಯಿ, ಯಾವಾಗ ಬೇಕು ಹೇಳ್ರಿ, ಓದತೇನಿ," ಎಂದು ತನ್ನ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡ.

ಅಂಕಿಗಳನ್ನು ಒಂದೊಂದಾಗಿ ಓದಿದ. ತಮ್ಮನ ಖಾತೆಯ ಬಾಗಿಲು ತೆರೆಯಿತು. ಎಲ್ಲ ವಿಳಾಸಗಳ ಸಾಲು ಕಾಣಿಸಿತು, ಎಲ್ಲಕ್ಕಿಂತ ಮೇಲೆ ತಮ್ಮನ ಹೆಸರು. ಮಾಸ್ತರರು ಹೇಳಿಕೊಟ್ಟಂತೆ ಬೇರೆ ಕಂಪನಿಗೆ ಒಯ್ಯುವ ಕೆಲಸ ಶುರು ಮಾಡು ಎಂದು ನಾನು ಹೇಳಿದೆ. ನಾದಿನಿಯ ಕೈ ಅಲ್ಲಾಡಲಿಲ್ಲ.

"ಅಕ್ಕಾರ, ಜರಾ ಹೊಳಿ ಕಡೆ ಹೋಗೂಣೇನ್ರಿ? ನಿಮ್ಮ ಜೋಡಿ ಮಾತಾಡೂದದ."

ಲ್ಯಾಪ್‌ಟಾಪನ್ನು ತೆರೆದ ಹಾಗೇ ಅಂಗಡಿಯವನ ಹತ್ತಿರ ಬಿಟ್ಟು ಸಂಗಮಕ್ಕೆ ಹೋದೆವು. ಭೀಮೆಯಲ್ಲಿ ನೀರು ಕಡಿಮೆ ಇತ್ತು. ಸೊಲ್ಲಾಪುರದ ಕಡೆಯಿಂದ ಬಂದ ಹೆಣ್ಣುಮಕ್ಕಳು ಒದ್ದೆ ಸೀರೆ ಹಿಂಡುತ್ತ ಮರಾಠಿಯಲ್ಲಿ ಜೋರಾಗಿ ಮಾತಾಡುತ್ತಿದ್ದರು. ನಾವು ಅವರಿಂದ ದೂರ, ಮೆಟ್ಟಿಲ ಮೇಲೆ ಕೂತೆವು.

"ಅಫಜಲಪುರದಾಗ ನನಗ ಒಂದು ಕಡೆ ಮಾತಾಡ್ಯಾರ್ರಿ," ಅಂದಳು. "ಆ ಮನುಷ್ಯಾರ ಹೆಂಡ್ತಿನೂ ಅದs ಕೊರೊನಾ ಬ್ಯಾನ್ಯಾಗ ತೀರಿಕೊಂಡಾಳ. ನಾ ಹ್ಞೂಂ ಅಂದೇನ್ರಿ."

ಇದು ಇವತ್ತಲ್ಲ ನಾಳೆ ಬರುವ ಮಾತೆಂದು ನನಗೆ ಗೊತ್ತಿತ್ತು. ನಮ್ಮವರಲ್ಲಿ ಇದಕ್ಕೆ ಅಡ್ಡಿಯೂ ಇಲ್ಲ. "ಛಲೋ ಆತು ತಂಗಿ," ಅಂದೆ. ಖರೇನೇ ಅಂದೆ.

"ಅದಕ್ಕs ಹೇಳಾಕತ್ತೇನ್ರಿ. ಅವರ ವಿಳಾಸ ಬ್ಯಾರೆ ಕಡೆ ಒಯ್ಯೂದು ಬ್ಯಾಡ್ರಿ. ಮುಚ್ಚಿಬಿಡೂಣು."

"ರೊಕ್ಕ ನಾ ಕಟ್ಟತೇನಲ್ಲ ಬೇ! ನಿನಗೇನು ತ್ರಾಸ?"

"ರೊಕ್ಕದ ಮಾತಲ್ರಿ." ಅವಳು ನೀರಿನ ಕಡೆ ನೋಡುತ್ತ ಹೇಳಿದಳು. "ಸೆಂಟರಿನಾಗ ಆ ಪೆಟಿಗಿ ದಿನಾ ನಾನs ತಗೀತೇನ್ರಿ. ಹುಡುಗ್ರ ಕೆಲಸದ್ದು ಎಲ್ಲಾ ಅದರಾಗs ಬರ್ತದ. ಸರ್ ಹೆಂಗದೀರಿ ಅಂತ ಯಾರರ ಬರದ್ರ, ಅವರು ತೀರಿಕೊಂಡಾರ್ರಿ ಅಂತ ನಾನs ಟೈಪ್ ಮಾಡ್ತೇನಿ. ಎಷ್ಟು ಮಂದಿಗೆ ಬರದೇನೋ. ಬರದಾಗೊಮ್ಮೆ ಅವರು ಮತ್ತೊಮ್ಮೆ ಸಾಯ್ತಾರ್ರಿ ಅಕ್ಕಾರ."

ಅವಳು ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

"ನೀವು ಬರದದ್ದೂ ಅದರಾಗs ಬರ್ತಿತ್ರಿ."

ಅವಳು ಅದನ್ನು ಬಹಳ ಮೆಲ್ಲಗೆ ಹೇಳಿದಳು. ಆ ಪೆಟ್ಟಿಗೆಯನ್ನು ಇನ್ನೊಬ್ಬರು ತೆಗೆಯುತ್ತಿರಬಹುದು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

"ಓದಬಾರದು ಅಂತ ಬಿಡ್ತಿದ್ದೆ. ಆಮ್ಯಾಲ ಓದ್ತಿದ್ದೆ. ಪಂಚಮಿದು, ನಿಮ್ಮ ಕಣ್ಣಿನ ಆಪರೇಷನ್ನಿಂದು, ಕನಸಿನಾಗ ಅವರು ಹಸದು ಬಂದಿದ್ದರಂತ ಬರದಿದ್ರಲ್ಲ ಅದು, ಎಲ್ಲಾ. ಆ ಕನಸಿಂದು ಓದಿದ ದಿನ ಸೆಂಟರ್ ಮುಚ್ಚಿ ಮನಿಗೆ ಹೋದೆ. ತಪ್ಪು ತಿಳೀಬ್ಯಾಡ್ರಿ. ನೀವು ಬರದು ನಿಮ್ಮ ಮನಸ್ಸು ಹಗೂರ ಮಾಡ್ಕೋತಿದ್ರಿ. ಅದು ಇಲ್ಲಿ ಬಂದು ನನ್ನ ಎದಿ ಮ್ಯಾಲ ಕೂಡ್ತಿತ್ತು."

ನಾನು ಅವಳ ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು. ಇಬ್ಬರೂ ಅತ್ತೆವು. ಸೀರೆ ಹಿಂಡುತ್ತಿದ್ದ ಹೆಣ್ಣುಮಕ್ಕಳು ಮಾತು ನಿಲ್ಲಿಸಿ ನಮ್ಮ ಕಡೆ ನೋಡಿದರು. ಅವರಲ್ಲೊಬ್ಬಳು ಬಂದು ಏನೂ ಕೇಳದೆ ಎರಡು ಬಾಳೆಹಣ್ಣು ಮೆಟ್ಟಿಲ ಮೇಲೆ ಇಟ್ಟು ಹೋದಳು.

ಒಳಗೊಳಗೇ ನಾನು ಹಟ ಬಿಟ್ಟಿರಲಿಲ್ಲ. ಅವಳದು ಅವಳು ಬಿಡಲಿ, ನಾನೊಬ್ಬಳೇ ಇಟ್ಟುಕೊಳ್ಳುತ್ತೇನೆ, ಪಾಸ್‌ವರ್ಡ್ ಬದಲಿಸಿದರಾಯಿತು ಅಂದುಕೊಂಡೆ. ಅಂಗಡಿಯ ತನಕ ನಡೆಯುತ್ತ ಅದನ್ನೇ ಹೇಗೆ ಹೇಳಲಿ ಎಂದು ಜೋಡಿಸುತ್ತಿದ್ದೆ. ಆದರೆ ಪೆಟ್ಟಿಗೆಯನ್ನು ನಾನಿಟ್ಟುಕೊಂಡರೆ ಅವನ ಮಂದಿಗೆ ಉತ್ತರ ಬರೆಯುವವಳೂ ನಾನೇ. 'ತೀರಿಕೊಂಡಾರ್ರಿ' ಎಂಬ ಆ ಒಂದು ಪದವನ್ನು ನಾನು ಒಮ್ಮೆಯೂ ಟೈಪ್ ಮಾಡಿರಲಿಲ್ಲ. ಅವಳು ಮಾಡಿದ್ದಳು. ಅಂಗಡಿ ಬಂದಾಗ, "ಎಲ್ಲಾ ಡಿಸ್ಕಿನಾಗ ಇಳಿಸ್ಕೊಂಡು ಮುಚ್ಚು ತಂಗಿ," ಎಂದಷ್ಟೇ ಹೇಳಿದೆ.

ಇಳಿಯಲು ಹೊತ್ತು ಹಿಡಿಯಿತು. ಅಂಗಡಿಯವನು ಚಹಾ ತರಿಸಿದ. ಮುಚ್ಚುವ ಮುನ್ನ ಮತ್ತೊಮ್ಮೆ ಓಟಿಪಿ ಕೇಳಿತು. ಈ ಸಲವೂ ಅವನು ಒಂದೊಂದಾಗಿ ಓದಿದ. ನಾದಿನಿ ಒತ್ತುವ ಮುಂಚೆ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಒತ್ತಿದಳು. ಸಾಲಿನಿಂದ ಅವನ ಹೆಸರು ಹೋಯಿತು, ಕೆಳಗಿದ್ದವು ಒಂದು ಮೆಟ್ಟಿಲು ಮೇಲೆ ಸರಿದವು. ಅವನನ್ನು ಕೊನೆಗೆ ಕಳಿಸುವಾಗ ನಾನು ಹತ್ತಿರ ಇರಲಿಲ್ಲ. ಇದಕ್ಕೆ ಇದ್ದೆ. ಅಂಗಡಿಯವನು ಒಂದು ಕಾಯಿ ಒಡೆದು ನಮ್ಮಿಬ್ಬರ ಕೈಗೆ ಒಂದೊಂದು ಹೋಳು ಕೊಟ್ಟ.

ರೊಕ್ಕ ಕಟ್ಟದಿದ್ದರೆ ಉಳಿದವೂ ಮುಚ್ಚುವವೇ ಆದ್ದರಿಂದ, ಹುಡುಗರಿಗೆಲ್ಲ ಪುಕ್ಕಟೆ ವಿಳಾಸ ಮಾಡಿಕೊಳ್ಳಿ ಎಂದು ಅವಳು ತಿಳಿಸಿದಳು. ನಾನೂ ಸಾಲಿಯಲ್ಲಿ ಕೂತು ಹೊಸದೊಂದು ಮಾಡಿಕೊಂಡೆ. ಅಕ್ಕ ಎಂದು ಬರೆದರೆ, ಈ ಹೆಸರು ಬೇರೆಯವರದಾಗಿದೆ ಎಂದಿತು. ನನ್ನ ಪೂರಾ ಹೆಸರು ಬರೆದೆ, ಅದೂ ಸಿಗಲಿಲ್ಲ. ಕಡೆಗೆ ಹೆಸರಿನ ಮುಂದೆ ಹುಟ್ಟಿದ ಇಸವಿ ಸೇರಿಸಿದ ಮೇಲೆ ಒಪ್ಪಿತು. ಡಿಸ್ಕು ಕಪಾಟಿನಲ್ಲಿದೆ. ಒಮ್ಮೆ ಹಚ್ಚಿ ನೋಡಿದೆ, ಖಜೂರಿಯ ಲಾರಿ ಮಾಲೀಕರ ಕೋಟಿನ ಮೇಲ್ ಬಂತು. ಪೂರ್ತಿ ಓದಲಾಗಲಿಲ್ಲ.

ಶ್ರಾವಣಕ್ಕೆ ಮುಂಚೆ ಅಫಜಲಪುರದಲ್ಲಿ ಅವಳ ಮದುವೆ ಆಯಿತು. ಸಣ್ಣ ಮದುವೆ. ನಾನು ಸೀರೆ ಒಯ್ದು ಉಡಿ ತುಂಬಿ ಬಂದೆ. ಹೊರಡುವಾಗ ಮದುಮಗ ಗೇಟಿನ ತನಕ ಬಂದು, "ನಿಮ್ಮ ಈಮೇಲ್ ಹೇಳ್ರಿ, ಫೋಟೊ ಕಳಸ್ತೇನ್ರಿ," ಅಂದರು. ಹೊಸ ವಿಳಾಸ ಇನ್ನೂ ಬಾಯಿಗೆ ಬಂದಿರಲಿಲ್ಲ. ಚೀಲದಿಂದ ಫೋನ್ ತೆಗೆದು, ನೋಡಿ ನೋಡಿ ಒಂದೊಂದೇ ಅಕ್ಷರ ಹೇಳಿದೆ.

ಮರುವಾರ ಸ್ಟಾಫ್ ರೂಮಿನಲ್ಲಿದ್ದಾಗ ಫೋಟೊಗಳು ಬಂದವು. ಒಂದರಲ್ಲಿ ಅವಳು ಯಾರದೋ ಮಾತಿಗೆ ತಲೆ ಹಿಂದೆ ಚೆಲ್ಲಿ ನಗುತ್ತಿದ್ದಾಳೆ. ತಮ್ಮ ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. ಉತ್ತರ ಬರೆಯಲು ಕೂತೆ. ಬಹಳ ಬರೆದು, ಬಹಳ ಅಳಿಸಿ, 'ಫೋಟೊ ಮುಟ್ಟಿದವು. ಸುಖವಾಗಿರ್ರಿ' ಎಂದಷ್ಟು ಉಳಿಸಿ ಕಳಿಸಿದೆ. ಆಮೇಲೆ ಕಣ್ಣು ಒರೆಸಿಕೊಂಡು, ಎಂಟನೆಯ ತರಗತಿಗೆ ಬೆಳಕಿನ ಪಾಠ ಮಾಡಲು ಎದ್ದೆ.