ಪಡುವಣ ಗೋಡೆಯಲ್ಲಿ ಕೂತವರು

ಪಕ್ಕದ ಬ್ಯಾಂಕಿನ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದಾರೆ. ಬೆಳಗ್ಗೆ ಕಿಟಕಿ ತೆಗೆದರೆ ಸಾಕು, ಹಸಿ ಪೇಂಟಿನ ವಾಸನೆ ಕಾಫಿ ಲೋಟದೊಳಗೂ ಇಳಿಯುತ್ತದೆ. ಈ ವಾಸನೆಗೆ ಬೇರೆಯವರಿಗೆ ತಲೆ ನೋಯುತ್ತದಂತೆ. ನನಗೆ ಮಾತ್ರ ಬೆನ್ನ ಹಿಂದೆ ಯಾರೋ ಸದ್ದಿಲ್ಲದೆ ಬಂದು ಕೂತ ಹಾಗಾಗುತ್ತದೆ. ಯಾಕೆಂದು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅರಸೀಕೆರೆಯಲ್ಲಿ ಅಂಗಡಿ ಕಟ್ಟಡ ಇಟ್ಟುಕೊಂಡವರ ಪಾಡು ಬೇಲೂರಿನವರಿಗೆ ತಿಳಿಯದು. ಅವರ ಗೋಡೆಗೆ ಮಳೆಯ ಕಾಟ. ಪಾಚಿ ಕಟ್ಟುತ್ತದೆ, ಉಜ್ಜಿ ತೊಳೆದರೆ ಹೋಗುತ್ತದೆ. ನಮಗೆ ಕಾಟವೇನಿದ್ದರೂ ಬಿಸಿಲಿನದು. ಶಿವರಾತ್ರಿ ಕಳೆದ ಮೇಲೆ ಮಧ್ಯಾಹ್ನದ ಬಿಸಿಲು ಪಡುವಣ ಗೋಡೆಗೆ ಬಿತ್ತೆಂದರೆ ಬಣ್ಣ ಹಪ್ಪಳದ ಹಾಗೆ ಉಬ್ಬುತ್ತದೆ. ಸ್ಟೇಷನ್ ಕಡೆಯ ಗಾಳಿ ಅದರ ಮೇಲೆ ಧೂಳು ಮೆತ್ತುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಒಂದು ಆಲಿಕಲ್ಲು ಮಳೆ ಬಂದು ಉಳಿದದ್ದನ್ನೂ ಕೆರೆದು ಹಾಕುತ್ತದೆ. ಅಪ್ಪ ಹೋದ ಮೇಲೆ ಕಟ್ಟಡ ನನ್ನ ಪಾಲಿಗೆ ಬಂತು. ಕೆಳಗೆ ಕೊಬ್ಬರಿ ಮಂಡಿ, ಒಂದು ಮೆಡಿಕಲ್ ಸ್ಟೋರು, ಮೊಬೈಲ್ ಅಂಗಡಿ; ಮೇಲೆ ನಮ್ಮ ಮನೆ. ಮದುವೆ ಸೀರೆಯನ್ನು ಅರ್ಧ ಗಂಟೆಯಲ್ಲಿ ಆರಿಸಿದವಳು ನಾನು. ಈ ಗೋಡೆಯ ಬಣ್ಣ ಆರಿಸಲು ಶೇಡ್ ಕಾರ್ಡನ್ನು ಬಿಸಿಲಿಗೂ ನೆರಳಿಗೂ ಹಿಡಿದು ದಿನಗಟ್ಟಲೆ ಓಡಾಡಿದ್ದೇನೆ. ಬಾಡಿಗೆದಾರರು ನನ್ನನ್ನು ಬಣ್ಣದಮ್ಮ ಎಂದು ಹಿಂದಿನಿಂದ ಕರೆಯುವುದು ನನಗೆ ಗೊತ್ತಿದೆ.

ಆ ಗೋಡೆಗೆ ಒರಗಿದಂತೆ ಒಂದು ಕಲ್ಲಿನ ಜಗಲಿ. ಅದರ ಮೇಲೆ ಕೂರುತ್ತಿದ್ದವರು ನಮ್ಮ ಮಾವ, ಎಂದರೆ ಅಪ್ಪನ ತಂಗಿಯ ಗಂಡ. ಮನೆಯಳಿಯನಾಗಿ ಬಂದವರು. ಮಂಡಿಯಲ್ಲಿ ಅವರಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ, ಆದರೆ ಅವರಿಲ್ಲದೆ ಮಂಡಿ ನಡೆಯುತ್ತಲೂ ಇರಲಿಲ್ಲ. ತೂಕದ ಜಗಳ ಹತ್ತಿದರೆ ಅವರು ಎರಡು ಮಾತಾಡಿ ನಗಿಸುತ್ತಿದ್ದರು, ಅಲ್ಲಿಗೆ ಜಗಳ ತಣ್ಣಗಾಗುತ್ತಿತ್ತು. ಬೆಳಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ, ತಲೆಗೆ ಹಿಂಡುವಷ್ಟು ಕೊಬ್ಬರಿ ಎಣ್ಣೆ. ಆಮೇಲೆ ಜಗಲಿಗೆ ಬಂದು ಗೋಡೆಗೆ ತಲೆಯೊರಗಿಸಿ, ಚಕ್ಕಳಮಕ್ಕಳ ಹಾಕಿ ಸಂಜೆಯವರೆಗೆ ಕೂರುವುದು. ಎಣ್ಣೆ ಸುಣ್ಣದೊಳಗೆ ಇಳಿದು ತಲೆಯಷ್ಟಗಲದ ಕಲೆ ಬಿದ್ದಿತ್ತು. ಅಪ್ಪ ಅದನ್ನು ಕಂಡು ಗೊಣಗುತ್ತಿದ್ದರು, ಮಾವ ಗೊಣಗಾಟವನ್ನೂ ಒಂದು ಉಪಚಾರವೆಂದೇ ತಿಳಿದು ನಗುತ್ತಿದ್ದರು.

ಒಂದು ದಿನ ಅವರು ಹಳೇಬೀಡಿಗೆ ಹೋಗಿಬರುತ್ತೇನೆ ಎಂದು ಬಸ್ಸು ಹತ್ತಿದರು. ಯಾಕೆಂದು ಯಾರೂ ಕೇಳಲಿಲ್ಲ. ಬೇಸರವಾದಾಗ ಹಾಗೆ ಹೋಗಿ ಬರುವ ಅಭ್ಯಾಸ ಅವರಿಗಿತ್ತು. ಆ ಸಲ ಬರಲಿಲ್ಲ. ಹಗರೆಯಲ್ಲಿ ಇಳಿದದ್ದನ್ನು ನೋಡಿದೆ ಎಂದು ಒಬ್ಬ, ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ಕೂತಿದ್ದರು ಎಂದು ಇನ್ನೊಬ್ಬ. ಅಪ್ಪ ಜನ ಕಟ್ಟಿಕೊಂಡು ಕೆರೆಯ ಏರಿ, ಛತ್ರ, ಆಸ್ಪತ್ರೆ ಎಲ್ಲ ಜಾಲಾಡಿದರು. ಪೊಲೀಸರು ಬರೆದುಕೊಂಡರು. ಒಂದು ಚಪ್ಪಲಿ ಕೂಡ ಸಿಗಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅಪ್ಪ ಗೋಡೆಗೆ ಬಣ್ಣ ಹೊಡೆಸಿದರು. ಬೇಸಿಗೆ ಬಂತು, ಬಣ್ಣ ಉಬ್ಬಿತು, ಉದುರಿತು. ಉದುರಿದಲ್ಲಿ ಕಲೆ ಮೂಡಿತು. ತಲೆಯದೊಂದೇ ಅಲ್ಲ, ತಲೆ, ಎರಡು ಭುಜ, ಕೆಳಗೆ ಮಡಿಸಿದ ಕಾಲಿನ ಅಗಲ. ಮಾವ ಒರಗಿಸುತ್ತಿದ್ದದ್ದು ತಲೆಯನ್ನು ಮಾತ್ರ. ಭುಜಕ್ಕೂ ಮೊಣಕಾಲಿಗೂ ಎಣ್ಣೆ ಎಲ್ಲಿಂದ ಬರಬೇಕು ಹೇಳಿ.

ಮಾವನ ಹೆಂಡತಿ, ನಮ್ಮ ಅತ್ತೆ, ಕೆಳಗಿಳಿದು ಬಂದು ನೋಡಿದಳು. ಹೆದರಲಿಲ್ಲ. ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿ, ಇವರಿಗೇನೂ ಆಗಿಲ್ಲ, ಎಲ್ಲೋ ನೆಮ್ಮದಿಯಾಗಿ ಕೂತಿದ್ದಾರೆ ಎಂದು ನಮಗೆಲ್ಲ ಹೇಳಿದಳು. ಅಂದಿನಿಂದ ಅದೇ ಅವಳ ಲೆಕ್ಕವಾಯಿತು. ಬಣ್ಣ ಹೊಡೆದಾಗ ಮಂಕಾಗುವಳು, ಬೇಸಿಗೆಗೆ ಕಲೆ ಮೂಡಿದರೆ ಹಣೆಗೆ ದೊಡ್ಡ ಕುಂಕುಮವಿಟ್ಟು ಓಡಾಡುವಳು. ಕ್ರಿಯೆ ಮಾಡಿ ಮುಗಿಸೋಣವೆಂದು ಮಠದ ಅಯ್ಯನವರೇ ಬಂದು ಹೇಳಿದರೂ ಒಪ್ಪಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ನಿಮಗೆ ಗೊತ್ತಿರಬಹುದು. "ಕೂರ್ಸೋಕೆ ಮೈಯೇ ಇಲ್ಲ. ಏನ್ನ ಮಣ್ಣು ಮಾಡ್ತೀರಿ?" ಎಂದು ಕೇಳಿದಳು. ಅಯ್ಯನವರು ಎದ್ದು ಮಠದ ದಾರಿ ಹಿಡಿದರು.

ಕಟ್ಟಡ ನನ್ನ ಕೈಗೆ ಬರುವ ಹೊತ್ತಿಗೆ ಆ ಕಲೆ ಮನೆಗೆಲ್ಲ ವರ್ಷವರ್ಷದ ಜಾತಕವಾಗಿಬಿಟ್ಟಿತ್ತು. ಮೆಡಿಕಲ್ ಸ್ಟೋರಿನವನು ಗಿರಾಕಿಗಳು ಆ ಕಡೆಯ ಬಾಗಿಲಿಗೆ ಬರುವುದಿಲ್ಲವೆಂದು ದೂರಿದ. ಸುಳ್ಳಲ್ಲ, ಮಧ್ಯಾಹ್ನ ಅಲ್ಲಿ ಹಾದರೆ ನನಗೂ ದನಿ ತಗ್ಗುತ್ತಿತ್ತು, ಕೂತವರ ಮುಂದೆ ಜೋರಾಗಿ ಮಾತಾಡಬಾರದೆಂಬಂತೆ. ಪೇಂಟರ್ ನಂಜುಂಡನನ್ನು ಕರೆಸಿದೆ. ಒಳಗೆ ಮಂಡಿಯ ಕೊಬ್ಬರಿ ಮೂಟೆ ಗೋಡೆಗೆ ತಾಗಿವೆ, ಅದರ ಎಣ್ಣೆ ಇಟ್ಟಿಗೆ ಹಾದು ಹೊರಗೆ ಬರುತ್ತಿದೆ ಎಂದು ಅವನು ಹೇಳಿದ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವನಿಗೆ ಎರಡನೆಯ ಸಲ ಕಾಫಿ ಕೊಡಿಸಿದೆ. ಮೂಟೆಗಳನ್ನು ಸರಿಸಿದೆವು. ಹಳೇ ಬಣ್ಣ ಕೆರೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಎಣ್ಣೆ ತಡೆಯುವ ಪ್ರೈಮರ್ ಬಳಿದು, ಮೇಲೆ ಬಿಸಿಲಿಗೆ ಹಿಗ್ಗಿ ಕುಗ್ಗುವ ದುಬಾರಿ ಪೇಂಟು ಹೊಡೆಸಿದೆ. ಅತ್ತೆ ಮೇಲಿನ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಸಂಜೆ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಅವರು ಬರೋಕೆ ದಾರಿ ಬಿಟ್ಟಿದ್ದೀಯಾ?"

ಆ ಬೇಸಿಗೆ ಎಂದಿನ ಹೊತ್ತಿಗೆ ಕಲೆ ಬರಲಿಲ್ಲ. ಯುಗಾದಿ ಕಳೆಯಿತು, ಆಲಿಕಲ್ಲು ಬಿತ್ತು, ಗೋಡೆ ತಟ್ಟೆಯಷ್ಟು ನುಣ್ಣಗಿತ್ತು. ನಾನು ಗೆದ್ದೆನೆಂದು ಬೀಗಬೇಕಿತ್ತು. ಅತ್ತೆ ಕುಂಕುಮದ ಬಟ್ಟಲು ಮುಟ್ಟುವುದನ್ನು ಬಿಟ್ಟಳು, ಆಮೇಲೆ ಮಾತು ಬಿಟ್ಟಳು, ಆಮೇಲೆ ಊಟ. ಮುದ್ದೆ ಮುಂದಿಟ್ಟರೆ ಮುರಿದು ಹಾಗೇ ಕೂರುವಳು. ಡಾಕ್ಟರು ಬಂದು ಏನೂ ಇಲ್ಲವೆಂದರು. ಅವಳು ನನ್ನ ಕಣ್ಣೆದುರೇ ಕರಗುತ್ತಿದ್ದಳು, ಮತ್ತು ಅದು ನಾನು ಆರಿಸಿದ ಪೇಂಟಿನಿಂದ. ಭಯವಾಯಿತು. ಮಧ್ಯಾಹ್ನ ಯಾರೂ ಇಲ್ಲದಾಗ ಕೆಳಗಿಳಿದು ಕಾದ ಗೋಡೆಗೆ ಕೈಯಿಟ್ಟು, ಬನ್ನಿ ಮಾವ ಎಂದು ಬೇಡಿಕೊಳ್ಳುವಷ್ಟಕ್ಕೆ ಬಂದೆ. ಅಷ್ಟು ವರ್ಷ ಯಾರನ್ನು ಒರೆಸಲು ಹೆಣಗಿದ್ದೆನೋ ಅವರನ್ನೇ ಕರೆಯುತ್ತಿದ್ದೆ.

ಬಂದರು. ಮಳೆಗಾಲಕ್ಕೆ ಇನ್ನೇನು ಸ್ವಲ್ಪ ದಿನವಿದೆ ಎನ್ನುವಾಗ ಜಗಲಿಯ ಮೇಲ್ಗಡೆ ಗೋಡೆಯ ಬಣ್ಣ ಉಬ್ಬಿತು, ಮಾರನೆಯ ದಿನ ಚರ್ಮದ ಹಾಗೆ ಸುಲಿದು ಬಿತ್ತು. ನಾನು ಮೆಟ್ಟಿಲು ಹತ್ತಿ ಓಡಿ ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಕೆಳಗೆ ತಂದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನಾನೂ ಸರಿಯಾಗಿ ನೋಡಿದೆ. ಭುಜ, ಮಡಿಸಿದ ಕಾಲು ಎಲ್ಲ ಹಾಗೆಯೇ ಇದ್ದವು. ತಲೆ ಮಾತ್ರ ಎಡಕ್ಕೆ ವಾಲಿ ಎದೆಯ ಮೇಲೆ ಬಿದ್ದಿತ್ತು. ಪ್ರೈಮರ್ ಒಂದು ಕಡೆ ದಪ್ಪವಾಗಿರಬೇಕು ಎಂದು ನಂಜುಂಡ ಆಮೇಲೆ ಹೇಳಿದ. ಇರಬಹುದು.

"ಹೋಗವ್ರೆ ಕಣವ್ವ," ಎಂದಳು ಅತ್ತೆ. "ಹೋದವ್ರನ್ನ ಹಿಂಗೆ ಬಿಸಿಲಲ್ಲಿ ಕೂರ್ಸಬಾರ್ದು. ತೆಗಿಸು."

ಗಾರೆಯವನು ಕಲೆಯ ಸುತ್ತ ಉಳಿಯಿಂದ ಗೀಚಿ, ತುಂಡು ತುಂಡಾಗಿ ಗಾರೆ ಬಿಡಿಸಿದ. ಒಂದೊಂದು ತುಂಡೂ ಎಣ್ಣೆಯಿಂದ ಕಪ್ಪಗೆ ತೊಯ್ದಿತ್ತು, ಬೀದಿಯೆಲ್ಲ ಕೊಬ್ಬರಿ ಎಣ್ಣೆಯ ಘಮ. ಹಿಂದಿನ ಇಟ್ಟಿಗೆ ಕಂಡಾಗ ನಂಜುಂಡ ಬೆರಳಿಟ್ಟು ಸವರಿದ. ಇಟ್ಟಿಗೆ ಒಣಗಿ ಪುಡಿಪುಡಿಯಾಗಿತ್ತು, ಎಣ್ಣೆಯ ಪಸೆಯೂ ಇರಲಿಲ್ಲ. ಅವನು ಬೆರಳನ್ನು ಪಂಚೆಗೆ ಒರೆಸಿಕೊಂಡು ದೂರ ಹೋಗಿ ನಿಂತ.

ಊರಾಚೆಯ ನಮ್ಮ ತೋಟದಲ್ಲಿ ಅಪ್ಪನ ಸಮಾಧಿಯ ಪಕ್ಕಕ್ಕೆ ಗುಣಿ ತೋಡಿ, ಒಳಗೆ ವಾಡಿಕೆಯಂತೆ ಕೂರಿಸುವ ಗೂಡು ಕೊರೆಸಿದೆವು. ಗಾರೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿದಾಗ ಗಂಟು ತಾನಾಗಿ ನೆಟ್ಟಗೆ ಕೂತಿತು. ಅಯ್ಯನವರು ಒಂದು ಗಳಿಗೆ ಅನುಮಾನಿಸಿದರು, ಅತ್ತೆಯ ಮುಖ ನೋಡಿ ವಿಭೂತಿ ಕೈಗೆತ್ತಿಕೊಂಡರು. ಬಿಲ್ವಪತ್ರೆ, ವಿಭೂತಿ, ಮಣ್ಣು. ಎಲ್ಲ ಮುಗಿದ ಮೇಲೆ ಅತ್ತೆ ತೋಟದ ತೊಟ್ಟಿಯಲ್ಲಿ ಕೈಕಾಲು ತೊಳೆದು, ಹೊಟ್ಟೆ ಹಸಿಯುತ್ತಿದೆ ಎಂದಳು. ನನ್ನ ತಂಗಿಯ ಮನೆಯಿಂದ ತಂದಿದ್ದ ಬುತ್ತಿಯನ್ನು ಅಲ್ಲೇ ಕೂತು ಪೂರ್ತಿ ಉಂಡಳು.

ಹೊಸ ಗಾರೆ ಹಾಕಿ ಬಣ್ಣ ಹೊಡೆಸಿದ ಮೇಲೆ ಬೇಸಿಗೆಗಳು ಬಂದು ಹೋಗಿವೆ. ಗೋಡೆಯಲ್ಲಿ ಏನೂ ಮೂಡಿಲ್ಲ. ಅತ್ತೆ ಈಗ ಆ ಕಡೆಯ ಕಿಟಕಿ ತೆಗೆಯುವುದಿಲ್ಲ. ಟಿವಿ ನೋಡುತ್ತಾಳೆ, ನನ್ನ ಅಡಿಗೆಯಲ್ಲಿ ಹುಳುಕು ಹುಡುಕುತ್ತಾಳೆ, ಚೆನ್ನಾಗಿದ್ದಾಳೆ.

ಈ ಬೆಳಗ್ಗೆ ಬ್ಯಾಂಕಿಗೆ ಹೊಸದಾಗಿ ಬಂದಿರುವ ಮ್ಯಾನೇಜರ್ ಹುಡುಗಿ ನನ್ನನ್ನು ಕರೆದು, ನಿಮ್ಮ ಗೋಡೆಗೆ ಯಾವ ಪೇಂಟು ಮೇಡಂ, ಇಷ್ಟು ಬಿಸಿಲಿಗೂ ಒಂದು ಕಲೆಯಿಲ್ಲವಲ್ಲ ಎಂದಳು. ನಾನು ಉತ್ಸಾಹದಿಂದಲೇ ಶುರುಮಾಡಿದೆ: ಕೆರೆಯುವುದು ಹೇಗೆ, ಎಷ್ಟು ದಿನ ಒಣಗಬೇಕು, ಪ್ರೈಮರ್ ಯಾಕೆ ಬಿಡಬಾರದು. ಹೇಳುತ್ತಾ ಗೋಡೆಯ ಕಡೆ ಕೈ ತೋರಿಸಿದೆ. ಅಲ್ಲಿ ಯಾರೂ ಇರಲಿಲ್ಲ. ಮಾವ ಹೋದ ಮೇಲೆ ಒಮ್ಮೆಯೂ ಅಳದಿದ್ದ ನಾನು ಆ ಹುಡುಗಿಯ ಮುಂದೆ, ರಸ್ತೆಯ ಮಧ್ಯೆ, ಅತ್ತುಬಿಟ್ಟೆ.